ಅಲೆಗೆ ದಾರಿ ತೋರಿದ ರಾಜೇಶ್ವರಿ

ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಐರೋಲಿ. ನಾನು ಲೋಕಲ್‌ನಲ್ಲಿ ಓಡುತ್ತಿದ್ದರೂ ಫೋನಿನ ಟವರ್‌ಗಳು ನಿಂತಲ್ಲೇ ನಿಂತಿರುತ್ತವೆ. ಸೇನೆಗೆ ಆ ಅನುಕೂಲವಿಲ್ಲ. ಅವರ ಟವರೂ ವಾಹನವೇರಿ ಜೊತೆಗೇ ಸಾಗಬೇಕು. ಆಂಟೆನಾ ಚಿಕ್ಕದಿರಬೇಕು, ಕುಲುಕಾಟ ತಾಳಬೇಕು, ಅಲೆಯನ್ನು ಬೇಕಾದ ದಿಕ್ಕಿಗಷ್ಟೇ ಕಳಿಸಬೇಕು. ಸುತ್ತಲೂ ಚೆಲ್ಲಿದರೆ ಶತ್ರುವಿಗೂ ಸುಳಿವು ಸಿಗುತ್ತದೆ. ಇಲ್ಲೇ ತಲೋಜಾದಲ್ಲಿ ಬೆಂಗಳೂರಿನ ಬಿಇಎಲ್‌ನ ಘಟಕವಿದೆ; ಇಂಥ ಎಲೆಕ್ಟ್ರಾನಿಕ್ ಉಪಕರಣಗಳನ್ನು ಹೊರುವ ಶೆಲ್ಟರ್‌ಗಳು ಅಲ್ಲಿ ತಯಾರಾಗುತ್ತವೆ.

ಆ ಅಲೆಗಳ ವಿದ್ಯೆಯನ್ನು ನಮ್ಮಲ್ಲಿ ಬೇರೂರಿಸಿದವರಲ್ಲಿ ಒಬ್ಬರು, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದೇ ಹೆಸರಾದ ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟರು. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲೇರುವುದೇ ಅಪರೂಪವಾಗಿದ್ದ ಕಾಲವದು.

ಪಿಎಚ್.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿಗೇ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಸಂಶೋಧನೆ ಕಟ್ಟಿದರು. ಅಲೆ ಲೋಹದ ಕೊಳವೆಯಲ್ಲಿ ಹೇಗೆ ಸಾಗುತ್ತದೆ, ಆಂಟೆನಾದಿಂದ ಹೇಗೆ ಹೊರಬೀಳುತ್ತದೆ ಎಂಬ ಲೆಕ್ಕವೇ ಅವರ ಬದುಕಾಯಿತು. ವಿಮಾನ, ಬಾಹ್ಯಾಕಾಶ ನೌಕೆಗಳ ಆಂಟೆನಾಗಳಿಗೂ ಆ ಲೆಕ್ಕ ಬೇಕಾಯಿತು. 20 ಮಂದಿ ಅವರ ಬಳಿ ಪಿಎಚ್.ಡಿ. ಮಾಡಿದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳೆಯರಿಗಾಗಿ ದುಡಿದು, 2010ರಲ್ಲಿ ತೀರಿಕೊಂಡರು.

ಅಲೆ ಕಣ್ಣಿಗೆ ಕಾಣದು. ಅದನ್ನು ಕಲಿಸಿದವರೂ ಅಷ್ಟೇ. ಊರು ಬಿಟ್ಟ ನಾವೆಲ್ಲ ಅವರಂತೆ ಮರಳಲಾರೆವು. ರಜೆಗೆ ಹೋದಾಗ ನಮ್ಮೂರ ಶಾಲೆಯ ಒಬ್ಬ ಹುಡುಗಿಗಾದರೂ ಅವರ ಕಥೆ ಹೇಳಿ ಬರೋಣ.