ಕೈಗಾ ವಿರೋಧಿಸಿ ಚುನಾವಣೆಗೆ ನಿಂತ ಅಜ್ಜ: ಡಾ. ಶಿವರಾಮ ಕಾರಂತ



1989ರ ನವೆಂಬರ್‌ನ ಲೋಕಸಭಾ ಚುನಾವಣೆಯನ್ನು ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹಿರಿಯರು ಮರೆತಿರಲಿಕ್ಕಿಲ್ಲ. ಆಗ 87 ವರ್ಷದ ವೃದ್ಧರೊಬ್ಬರು ನಮ್ಮ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಕಣಕ್ಕಿಳಿದಿದ್ದರು. ಅವರೇ ಡಾ. ಕೋಟ ಶಿವರಾಮ ಕಾರಂತರು. ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬೇಡ ಎಂಬುದನ್ನು ಜನರ ಮುಂದಿಡಲಿಕ್ಕಾಗಿಯೇ ಅವರು ನಿಂತದ್ದು. ನಮ್ಮ ಕಾರವಾರ ಧರ್ಮಪ್ರಾಂತ್ಯಕ್ಕೆ ಆಗಿನ್ನೂ 13 ವರ್ಷ.

ಕಾರಂತರು 1902ರ ಅಕ್ಟೋಬರ್ 10ರಂದು ಉಡುಪಿ ಬಳಿಯ ಕೋಟದಲ್ಲಿ ಜನಿಸಿದರು. ಗಾಂಧೀಜಿಯವರ ಅಸಹಕಾರದ ಕರೆ ಕೇಳಿ ಮಂಗಳೂರಿನ ಕಾಲೇಜು ಬಿಟ್ಟರು, ಖಾದಿ ಹೊತ್ತು ಊರೂರು ತಿರುಗಿದರು. ಮುಂದೆ ಪುತ್ತೂರಿನ ಬಾಲವನದಲ್ಲಿ ನೆಲೆಸಿ ಕಾದಂಬರಿ, ಯಕ್ಷಗಾನ, ಮಕ್ಕಳ ಶಿಕ್ಷಣ ಎಂದು ದುಡಿದರು. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂತು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದರು.

ಅವರು ದೇವರನ್ನು ನಂಬಿದವರಲ್ಲ. 1933ರ 'ಚೋಮನ ದುಡಿ'ಯಲ್ಲಿ ಭೂಮಿಯ ಆಸೆಗೆ ಕ್ರೈಸ್ತನಾಗಲು ಹೊರಟ ಚೋಮ ತನ್ನ ಪಂಜುರ್ಲಿಯನ್ನು ನೆನೆದು ಹಿಂದಿರುಗುತ್ತಾನೆ. ಅದೇ ಕಾದಂಬರಿಯಲ್ಲಿ ಚೋಮನ ಮಗಳನ್ನು ಕೆಡಿಸುವ ತೋಟದ ಬರಹಗಾರ ಮನ್ವೇಲನೂ ಇದ್ದಾನೆ. ನಮಗೆ ಅದೇನೂ ಹಿತವಾದ ಚಿತ್ರವಲ್ಲ. ಆದರೂ ನಮ್ಮ ಕರಾವಳಿಯ ನೀರು, ಮೀನು, ಕಾಡಿನ ವಿಚಾರ ಬಂದಾಗ ನಮ್ಮ ಪರವಾಗಿ ದನಿ ಎತ್ತಲು ಅವರು ನಮ್ಮ ಧರ್ಮ ಯಾವುದೆಂದು ಕೇಳಲಿಲ್ಲ.

ಕೈಗಾ ಇರುವುದು ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯ ದಟ್ಟ ಕಾಡಿನ ನಡುವೆ. 1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೊಬಿಲ್ ಸ್ಥಾವರ ಸ್ಫೋಟಗೊಂಡ ಮೇಲೆ ಇಲ್ಲಿಯೂ ಆತಂಕ ಹೆಚ್ಚಿತು. ಹೊನ್ನಾವರ ಬಳಿಯ ಕಾಸರಕೋಡಿನ ಸ್ನೇಹಕುಂಜದಲ್ಲಿ ಬಡವರ ಆರೋಗ್ಯ ಸೇವೆಗೆ ನಿಂತಿದ್ದ ಡಾ. ಕುಸುಮಾ ಸೊರಬ ಮುಂತಾದವರು ಹಳ್ಳಿ ಜನರನ್ನು ಸಂಘಟಿಸಿದರು. ಕಾರಂತರು ಈ ಹೋರಾಟದ ಹಿರಿಯಜ್ಜನಾದರು. ವಿಜ್ಞಾನ ಗೊತ್ತಿಲ್ಲದೆ ಹೆದರಿದರು ಎಂದು ಅವರನ್ನು ತಳ್ಳಿಹಾಕುವಂತಿರಲಿಲ್ಲ. ಕನ್ನಡದ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದವರು ಅವರೇ. ಅಣುತ್ಯಾಜ್ಯವನ್ನು ಸಾವಿರಾರು ವರ್ಷ ಕಾಯುವವರು ಯಾರು ಎಂಬುದು ಈ ಹೋರಾಟದ ದೊಡ್ಡ ಪ್ರಶ್ನೆಯಾಗಿತ್ತು. ಇದೇ ಪ್ರಶ್ನೆ ಹೊತ್ತು ಸುಪ್ರೀಂ ಕೋರ್ಟಿಗೂ ಹೋದರು. ಅಲ್ಲಿಯೂ ಯೋಜನೆ ನಿಲ್ಲಲಿಲ್ಲ.

ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ ಗೆದ್ದರು, ಕಾರಂತರು ಸೋತರು. ಕಾರಂತರು ಪಕ್ಷವಿಲ್ಲದೆ ನಿಂತಿದ್ದರು. ಮತ ಹಾಕದವರೂ ಅವರ ಮಾತನ್ನು ಕೇಳಿಸಿಕೊಂಡರು ಎಂಬುದು ಮಾತ್ರ ನಿಜ.

1994ರ ಮೇ 13ರಂದು ಕೈಗಾದಲ್ಲಿ ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕುಸಿದು ಕಾರ್ಮಿಕರು ಗಾಯಗೊಂಡರು. ಒಳಗೆ ಇಂಧನ ತುಂಬಿರಲಿಲ್ಲ, ದೇವರ ದಯೆ. ಗುಮ್ಮಟದ ವಿನ್ಯಾಸ ಬದಲಿಸಿ ಕೆಲಸ ಮುಂದುವರಿಸಲಾಯಿತು.

ವಿದ್ಯುತ್ತಿಗೂ ಬಾಂಬಿಗೂ ಏನು ಸಂಬಂಧ ಎಂದು ಕೆಲವರು ಕೇಳುವುದುಂಟು. 2006ರಲ್ಲಿ ಭಾರತ ತನ್ನ ಅಣು ಸ್ಥಾವರಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಡುವ ಪಟ್ಟಿಯಲ್ಲಿ ಕೈಗಾದ ನಾಲ್ಕೂ ಘಟಕಗಳು ಸೇರಲಿಲ್ಲ. ಅಲ್ಲಿ ಬಾಂಬು ಮಾಡುತ್ತಾರೆ ಎಂದು ಇದರ ಅರ್ಥವಲ್ಲ. ಅಲ್ಲಿ ಬಳಸಿದ ಇಂಧನ ಎತ್ತ ಹೋಯಿತು ಎಂದು ಹೊರಗಿನವರು ಲೆಕ್ಕ ಕೇಳುವಂತಿಲ್ಲ, ಅಷ್ಟೇ. ನಮಗೆ ಅಷ್ಟು ಸಾಕಲ್ಲವೇ ಯೋಚಿಸಲು?

ಧರ್ಮಸಭೆಯೂ ಈ ವಿಷಯದಲ್ಲಿ ಹೆಜ್ಜೆ ಹೆಜ್ಜೆಯಾಗಿ ಸಾಗಿ ಬಂದಿದೆ. 1963ರಲ್ಲಿ ಪೋಪ್ 23ನೇ ಯೋವಾನ್ನರು ತಮ್ಮ ಶಾಂತಿಯ ವಿಶ್ವಪತ್ರದಲ್ಲಿ ಅಣ್ವಸ್ತ್ರಗಳ ನಿಷೇಧಕ್ಕೆ ಕರೆ ಕೊಟ್ಟರು. 2017ರಲ್ಲಿ ವಿಶ್ವಸಂಸ್ಥೆಯ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ವ್ಯಾಟಿಕನ್ ಸಹಿ ಹಾಕಿ ಅನುಮೋದಿಸಿತು. ಭಾರತ ಅದಕ್ಕೆ ಸೇರಿಲ್ಲ. 2019ರ ನವೆಂಬರ್ 24ರಂದು ಪೋಪ್ ಫ್ರಾನ್ಸಿಸ್ ಹಿರೋಶಿಮಾದಲ್ಲಿ ನಿಂತು, ಅಣ್ವಸ್ತ್ರವನ್ನು ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅನೈತಿಕವೆಂದು ಸಾರಿದರು. ನಮ್ಮ ಧರ್ಮಕೇಂದ್ರಗಳ ಶಾಂತಿ ಪ್ರಾರ್ಥನೆಗಳಲ್ಲಿ ಈ ಮಾತು ಕೇಳಿಬರುವುದು ಅಪರೂಪ.

ಕಾರಂತರು 1997ರ ಡಿಸೆಂಬರ್ 9ರಂದು 95ನೇ ವಯಸ್ಸಿನಲ್ಲಿ ತೀರಿಕೊಂಡರು. ಐದು ತಿಂಗಳ ನಂತರ, 1998ರ ಮೇ 11 ಮತ್ತು 13ರಂದು ಪೋಖರಣದಲ್ಲಿ ಅಣುಬಾಂಬುಗಳ ಪರೀಕ್ಷೆ ನಡೆಯಿತು. ಅದೇ ವರ್ಷ ಕುಸುಮಾ ಸೊರಬರೂ ರಸ್ತೆ ಅಪಘಾತದಲ್ಲಿ ನಿಧನರಾದರು. ಕೈಗಾದ ಮೊದಲೆರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಂತರ ಇನ್ನೆರಡು ಬಂದವು. ಈಗ ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳ ಕೆಲಸ ಶುರುವಾಗಿದೆ.