ತಾಂಡಾದಿಂದ ಬಂದು ಜಿಲ್ಲಾ ಪರಿಷತ್ತಿಗೆ ಬುನಾದಿ ಹಾಕಿದ ವಸಂತರಾವ್ ನಾಯಿಕ

ಅಕ್ಕಲಕೋಟ: ಕನ್ನಡ ಶಾಲೆಗೆ ಮಾಸ್ತರ ಇಲ್ಲ, ರಸ್ತೆ ಕಿತ್ತು ಹೋಗಿದೆ, ದವಾಖಾನೆಯಲ್ಲಿ ಔಷಧ ಇಲ್ಲ ಎಂದರೆ ಗಡಿಭಾಗದ ಹಳ್ಳಿ ಜನ ಮೊದಲು ಹುಡುಕುವುದು ಝಡ್‌ಪಿ ಸದಸ್ಯರನ್ನು. ಈ ವ್ಯವಸ್ಥೆಯ ನಕ್ಷೆ ಹಾಕಿಕೊಟ್ಟವರು ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ದಿ. ವಸಂತರಾವ್ ನಾಯಿಕ. ಅವರ ಜನ್ಮದಿನ ಜುಲೈ 1ನ್ನು ರಾಜ್ಯದಲ್ಲಿ ಕೃಷಿ ದಿನವೆಂದು ಆಚರಿಸುತ್ತಾರೆ. ಆದರೆ ಝಡ್‌ಪಿಗೂ ಅವರಿಗೂ ಇರುವ ನಂಟು ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ನಾಯಿಕರು ಹುಟ್ಟಿದ್ದು 1913ರಲ್ಲಿ, ಯವತಮಾಳ ಜಿಲ್ಲೆ ಪುಸದ ತಾಲೂಕಿನ ಗಹುಲಿಯಲ್ಲಿ. ಬಂಜಾರಾ, ಅಂದರೆ ನಮ್ಮ ಕಡೆ ಲಂಬಾಣಿ ಎನ್ನುವ ಸಮಾಜದ ರೈತ ಮನೆತನ. ತಾಂಡಾದ ಹುಡುಗರು ಶಾಲೆಯ ಮುಖ ನೋಡುವುದೇ ಅಪರೂಪವಾಗಿದ್ದ ಕಾಲದಲ್ಲಿ ನಾಗಪುರಕ್ಕೆ ಹೋಗಿ ಕಾಯದೆ ಓದಿದರು. 1941ರಲ್ಲಿ ಬ್ರಾಹ್ಮಣ ಮನೆತನದ ವತ್ಸಲಾ ಘಾಟೆ ಅವರನ್ನು ಮದುವೆಯಾದಾಗ ವಿರೋಧ ಎದುರಿಸಬೇಕಾಯಿತು, ಜಗ್ಗಲಿಲ್ಲ. ವಕೀಲಿ ಮಾಡುತ್ತಲೇ ಪುಸದ ನಗರಪಾಲಿಕೆಯ ಅಧ್ಯಕ್ಷರಾದರು. ಹೀಗೆ ಹಳ್ಳಿಯ ಕಷ್ಟ, ಪೇಟೆಯ ಕಾರಭಾರ ಎರಡೂ ಅವರಿಗೆ ಗೊತ್ತಾದವು. 1952ರಲ್ಲಿ ಶಾಸಕರಾದರು.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಆಯಿತು. ಯಶವಂತರಾವ್ ಚವ್ಹಾಣರ ಮಂತ್ರಿಮಂಡಳದಲ್ಲಿ ನಾಯಿಕರು ಕಂದಾಯ ಮಂತ್ರಿ. ಹಳ್ಳಿಗೆ ಅಧಿಕಾರ ಕೊಡುವುದು ಹೇಗೆ ಎಂದು ನೋಡಲು ಅದೇ ವರ್ಷ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1961ರಲ್ಲಿ ವರದಿ ಬಂತು.

ಅದಕ್ಕೂ ಮೊದಲು ಲೋಕಲ್ ಬೋರ್ಡ್ ಇದ್ದವು. ಅವುಗಳ ಕೈಯಲ್ಲಿ ದುಡ್ಡೂ ಕಡಿಮೆ, ಅಧಿಕಾರವೂ ಕಡಿಮೆ. 1957ರ ಬಲವಂತರಾಯ ಮೆಹತಾ ಸಮಿತಿ ಹೆಚ್ಚಿನ ಅಧಿಕಾರ ಬ್ಲಾಕ್ ಮಟ್ಟಕ್ಕೆ ಕೊಟ್ಟು, ಜಿಲ್ಲಾ ಪರಿಷತ್ತಿಗೆ ಕಲೆಕ್ಟರರೇ ಅಧ್ಯಕ್ಷರಿರಲಿ ಎಂದಿತ್ತು. ನಾಯಿಕ ಸಮಿತಿ ಬೇರೆ ದಾರಿ ಹಿಡಿಯಿತು. ಜಿಲ್ಲೆಯೇ ಮುಖ್ಯ ಘಟಕ, ಕಲೆಕ್ಟರ್ ಹೊರಗೆ, ಜನ ಆರಿಸಿದವರೇ ಒಳಗೆ. ಶಾಸಕ, ಸಂಸದರಿಗೂ ಅಲ್ಲಿ ಕುರ್ಚಿ ಇಲ್ಲ. ಆಡಳಿತ ನಡೆಸಲು ಸಿಇಓ. ಇದೇ ಆಧಾರದ ಮೇಲೆ 1961ರ ಕಾಯದೆ ಆಯಿತು, 1962ರ ಮೇ 1ರಿಂದ ಜಾರಿಗೆ ಬಂತು.

ಶಹರಗಳನ್ನು ಇದರಿಂದ ಬೇರೆ ಇಟ್ಟರು. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಹಳ್ಳಿಗೆ ಝಡ್‌ಪಿ, ಅಕ್ಕಲಕೋಟ ಪೇಟೆಗೆ ನಗರಪರಿಷತ್ತು, ಸೊಲ್ಲಾಪುರ ಶಹರಕ್ಕೆ ಮಹಾನಗರಪಾಲಿಕೆ. ಸೊಲ್ಲಾಪುರಕ್ಕೆ ಮಹಾನಗರಪಾಲಿಕೆ ಬಂದದ್ದು 1964ರಲ್ಲಿ, ನಾಯಿಕರೇ ಮುಖ್ಯಮಂತ್ರಿ ಇದ್ದಾಗ. 1963ರ ಡಿಸೆಂಬರದಿಂದ 1975ರ ಫೆಬ್ರುವರಿವರೆಗೆ, 11 ವರ್ಷಕ್ಕೂ ಹೆಚ್ಚು ಕಾಲ ಅವರು ಆ ಹುದ್ದೆಯಲ್ಲಿದ್ದರು.

ಗಡಿ ಕನ್ನಡಿಗರಿಗೆ ಅವರ ಅವಧಿಯ ಇನ್ನೊಂದು ನೆನಪೂ ಇದೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ತಾಲೂಕು ಹಾಗೂ ಜತ್ತ, ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, ಹಳ್ಳಿಗಳು ಇಲ್ಲೇ ಉಳಿದವು. ಉಳಿದ ಮೇಲೆ ಕನ್ನಡಿಗರ ಪಾಲಿಗೆ ಹತ್ತಿರದ ಸರಕಾರವೆಂದರೆ ಝಡ್‌ಪಿಯೇ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ಸರಕಾರಿ ಕನ್ನಡ ಪ್ರಾಥಮಿಕ ಶಾಲೆಗಳನ್ನು ಸೊಲ್ಲಾಪುರ ಝಡ್‌ಪಿ, ಜತ್ತದವನ್ನು ಸಾಂಗಲಿ ಝಡ್‌ಪಿ ನಡೆಸುತ್ತವೆ.

ನಾಯಿಕರು 1977ರಲ್ಲಿ ವಾಶೀಮದಿಂದ ಲೋಕಸಭೆಗೆ ಆರಿಸಿ ಬಂದರು. 1979ರ ಆಗಸ್ಟ್ 18ರಂದು ಸಿಂಗಾಪುರದಲ್ಲಿ ತೀರಿಕೊಂಡರು.

ಜನ ಆರಿಸಿದವರೇ ಕಾರಭಾರ ನೋಡಬೇಕು ಅನ್ನೋದು ಅವರ ವರದಿಯ ತಿರುಳು. ಆದರೆ 2022ರಲ್ಲಿ ಸೊಲ್ಲಾಪುರ ಝಡ್‌ಪಿಯ ಅವಧಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು, ಕಾರಭಾರ ಪ್ರಶಾಸಕರ ಕೈಗೆ ಬಂತು. ಶಾಲೆಗೆ ಮಾಸ್ತರ ಬೇಕೆಂದು ಕೇಳಲು ಆ ದಿನಗಳಲ್ಲಿ ಊರವರಿಗೆ ತಮ್ಮ ಸದಸ್ಯರೇ ಇರಲಿಲ್ಲ. ನಾಯಿಕರು ಹಾಕಿಕೊಟ್ಟ ವ್ಯವಸ್ಥೆಯ ಬೆಲೆ ಏನೆಂದು ಗಡಿಭಾಗದ ಹಳ್ಳಿಗಳಿಗೆ ಆಗ ಚೆನ್ನಾಗಿ ಗೊತ್ತಾಯಿತು.