ಮೌಲ್‌ಬ್ರಾನ್ ಮಠದ ವಿದ್ಯಾರ್ಥಿ

ಜರ್ಮನಿಯ ನೈಋತ್ಯದಲ್ಲಿರುವ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಹಳ್ಳಿಯ ದಾರಿಗಳನ್ನು ಹಿಡಿದು ಹೊರಟವನಿಗೆ ಗುಡ್ಡಕ್ಕೊಂದು ಕೋಟೆ, ಕಣಿವೆಗೊಂದು ಮಠ ಎಂಬಂತೆ ತೋರುತ್ತದೆ. ಕೋಟೆಗಳನ್ನು ಕಂಡು ಬೆರಗಾಗುವುದು ಸುಲಭ. ಅವನ್ನು ಕಟ್ಟಿಸಿದವರ ಉದ್ದೇಶವೂ ಅದೇ ತಾನೆ! ಮಠಗಳು ಹಾಗಲ್ಲ. ತಗ್ಗಿನಲ್ಲಿ, ನೀರಿನ ಬಳಿ, ಮರಗಳ ಮರೆಯಲ್ಲಿ ಕುಳಿತಿರುತ್ತವೆ. ಹತ್ತಿರ ಹೋಗುವವರೆಗೆ ಕಾಣಿಸಿಕೊಳ್ಳುವುದಿಲ್ಲ. ಮೌಲ್‌ಬ್ರಾನ್ ಮಠವನ್ನು ನಾನು ಕಂಡದ್ದು ಹೀಗೆಯೇ. ದ್ರಾಕ್ಷಿತೋಟಗಳ ಇಳಿಜಾರು ಮುಗಿದು ದಾರಿ ತಿರುಗಿತು. ಎದುರಿಗೆ ಕಲ್ಲಿನ ಗೋಡೆ, ಹೆಬ್ಬಾಗಿಲು, ಅದರಾಚೆಗೆ ಕಣಜ, ಗಿರಣಿ, ಕೊಟ್ಟಿಗೆಗಳು ಸುತ್ತುವರಿದ ವಿಶಾಲವಾದ ಅಂಗಳ.

ಸಿಸ್ಟರ್ಸಿಯನ್ ಪಂಥದ ಸಂನ್ಯಾಸಿಗಳು 1147ರಲ್ಲಿ ಇಲ್ಲಿ ನೆಲೆ ನಿಂತರು. ಅವರ ಹೇಸರಗತ್ತೆ ಬಾಯಾರಿ ಒಂದು ಚಿಲುಮೆಯ ಬಳಿ ನಿಂತುಬಿಟ್ಟಿತು, ಅದನ್ನೇ ದೈವಸಂಕೇತವೆಂದು ತಿಳಿದು ಅವರು ಮಠ ಕಟ್ಟಿದರು ಎಂದು ಸ್ಥಳಪುರಾಣ. ಪುರಾಣಗಳು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ. ನಮ್ಮಲ್ಲಾದರೆ ಹಸು ಹಾಲು ಕರೆಯುತ್ತಿತ್ತು! ಆಲ್ಪ್ಸ್ ಪರ್ವತಗಳ ಉತ್ತರಕ್ಕೆ ಇಷ್ಟು ಇಡಿಯಾಗಿ ಉಳಿದುಬಂದ ಸಿಸ್ಟರ್ಸಿಯನ್ ಮಠ ಮತ್ತೊಂದಿಲ್ಲವೆಂದು ಬಲ್ಲವರು ಹೇಳುತ್ತಾರೆ. ದೇವಾಲಯದ ಮುಂದಿನ ಕಮಾನುಮಂಟಪಕ್ಕೆ ಸ್ವರ್ಗವೆಂದೇ ಹೆಸರು. ಪಡಸಾಲೆಯ ಅಂಚಿನಲ್ಲಿ, ಊಟದ ಮನೆಯ ಎದುರಿಗೆ, ನೀರು ತೊಟ್ಟಿಯಿಂದ ತೊಟ್ಟಿಗೆ ಮೂರು ಅಂತಸ್ತಾಗಿ ಇಳಿಯುವ ಕಾರಂಜಿ ಇದೆ. ಬಹಳ ಹೊತ್ತು ನಾನು ಅಲ್ಲಿಯೇ ಕುಳಿತಿದ್ದೆ.

ಆದರೆ ನಾನು ಬಂದದ್ದು ಸಂನ್ಯಾಸಿಗಳನ್ನು ನೆನೆಯಲೆಂದಲ್ಲ. ಲೂಥರನ ಸುಧಾರಣೆ ಈ ನಾಡಿಗೆ ಬಂದಾಗ ಸಂನ್ಯಾಸಿಗಳು ಹೋದರು. 1556ರಲ್ಲಿ ಕ್ರಿಸ್ಟೋಫ್ ದೊರೆ ಮಠವನ್ನು ಪಾಠಶಾಲೆಯಾಗಿ ಮಾರ್ಪಡಿಸಿದ. ಬಡವರ ಬುದ್ಧಿವಂತ ಮಕ್ಕಳನ್ನು ಪರೀಕ್ಷೆಯಿಂದ ಆರಿಸಿ, ಅನ್ನವಸ್ತ್ರ ಕೊಟ್ಟು, ಪ್ರೊಟೆಸ್ಟೆಂಟ್ ಪಾದ್ರಿಗಳನ್ನಾಗಿ ತಯಾರಿಸುವುದು ಅದರ ಗುರಿ. 1586ರಲ್ಲಿ ಇಲ್ಲಿಗೆ ಸೇರಿದ ಹುಡುಗರಲ್ಲಿ ಹದಿನಾಲ್ಕು ವಯಸ್ಸಿನ ಒಬ್ಬ ಕೃಶ ಬಾಲಕನಿದ್ದ. ಸಿಡುಬಿನಿಂದ ಅವನ ದೃಷ್ಟಿ ಮಂದವಾಗಿತ್ತು, ಕೈಗಳು ಸೊರಗಿದ್ದವು. ಅವನೇ ಯೊಹಾನೆಸ್ ಕೆಪ್ಲರ್.

ಕೆಪ್ಲರನ ಮೂರು ನಿಯಮಗಳನ್ನು ನಾವೆಲ್ಲರೂ ಶಾಲೆಯಲ್ಲಿ ಉರುಹೊಡೆದಿದ್ದೇವೆ. ಪಠ್ಯಪುಸ್ತಕಗಳು ಅಲ್ಲಿಗೆ ಅವನನ್ನು ಬಿಟ್ಟುಬಿಡುತ್ತವೆ. ಅವನು ಪಾದ್ರಿಯಾಗಬೇಕೆಂದು ಹಂಬಲಿಸಿದವನು, ಆ ಹಂಬಲ ಅವನಿಗೆ ಕೊನೆಗೂ ಕೈಗೂಡಲಿಲ್ಲ, ಮಠದಲ್ಲಿ ಕಲಿತ ವಾದವಿದ್ಯೆ ಅವನಿಗೆ ದೇವಾಲಯದಲ್ಲಿ ಒದಗದೆ ನ್ಯಾಯಸ್ಥಾನದಲ್ಲಿ ಒದಗಿತು ಎಂಬ ಸಂಗತಿಯನ್ನು ಅವು ಹೇಳುವುದಿಲ್ಲ.

ಮೌಲ್‌ಬ್ರಾನಿನಿಂದ ಬಹು ದೂರವಿಲ್ಲದ ವೈಲ್ ಡೆರ್ ಷ್ಟಾಟ್ ಎಂಬ ಸಣ್ಣ ಊರಿನಲ್ಲಿ 1571ರ ಡಿಸೆಂಬರ್ 27ರಂದು ಅವನು ಹುಟ್ಟಿದ. ತಾತ ಊರಿನ ಮೇಯರ್. ತಂದೆ ಹೈನ್ರಿಕ್ ಕೂಲಿಯ ಸಿಪಾಯಿ, ಯಾರು ಹಣ ಕೊಟ್ಟರೆ ಅವರ ಪರವಾಗಿ ಕಾದಾಡುವವನು. ಕೊನೆಗೊಮ್ಮೆ ಹೋದವನು ಮನೆಗೆ ಮರಳಲೇ ಇಲ್ಲ. ತಾಯಿ ಕಟರೀನ ಗಿಡಮೂಲಿಕೆ ಬಲ್ಲವಳು, ಮಾತಿನಲ್ಲಿ ಹರಿತ, ನೆರೆಹೊರೆಗೆ ಅಷ್ಟಾಗಿ ಬೇಡವಾದವಳು. 1577ರಲ್ಲಿ ದೊಡ್ಡ ಧೂಮಕೇತುವೊಂದು ಕಾಣಿಸಿಕೊಂಡಾಗ ಐದು ವರ್ಷದ ಮಗನ ಕೈ ಹಿಡಿದು ಎತ್ತರದ ಸ್ಥಳಕ್ಕೆ ಕರೆದೊಯ್ದು ತೋರಿಸಿದವಳು ಆಕೆಯೇ. ಅಕ್ಷರ ಬಾರದ ಆ ಹೆಣ್ಣುಮಗಳನ್ನು ಅವನ ಮೊದಲ ಖಗೋಳಗುರು ಎಂದರೆ ತಪ್ಪಾಗಲಾರದು.

ಮಠದ ಶಾಲೆಯ ಶಿಸ್ತು ಸಂನ್ಯಾಸಿಗಳ ಶಿಸ್ತಿಗಿಂತ ಬಹಳ ಸಡಿಲವೇನೂ ಆಗಿರಲಿಲ್ಲ. ಬೇಸಿಗೆಯಲ್ಲಿ ನಾಲ್ಕು ಗಂಟೆಗೆ, ಚಳಿಗಾಲದಲ್ಲಿ ಐದು ಗಂಟೆಗೆ ಏಳಬೇಕು, ಎದ್ದೊಡನೆ ಸ್ತೋತ್ರಪಠನ. ತಮ್ಮತಮ್ಮಲ್ಲಿಯೂ ಲ್ಯಾಟಿನಿನಲ್ಲಿಯೇ ಮಾತನಾಡಬೇಕು. ಮೊದಲು ಎರಡು ವರ್ಷ ಅಡೆಲ್‌ಬರ್ಗ್ ಮಠದ ಕಿರಿಯ ಶಾಲೆಯಲ್ಲಿ ಓದಿದ್ದ ಕೆಪ್ಲರ್ ಅಲ್ಲಿ ಮೇಲಿನವರ ಭಯಕ್ಕೆ ಸಹಪಾಠಿಗಳ ಮೇಲೆ ಚಾಡಿ ಹೇಳಿ ಅವರ ದ್ವೇಷ ಕಟ್ಟಿಕೊಂಡ. ಮೌಲ್‌ಬ್ರಾನಿನಲ್ಲಿಯೂ ಅವನಿಗೆ ಸ್ನೇಹಿತರಿಗಿಂತ ಹಗೆಗಳೇ ಹೆಚ್ಚು. ಇದನ್ನೆಲ್ಲ ಹೇಳಿದವರು ಬೇರೆಯವರಲ್ಲ, ಅವನೇ. ಇಪ್ಪತ್ತೈದರ ಆಸುಪಾಸಿನಲ್ಲಿ ತನ್ನ ಜಾತಕವನ್ನು ತಾನೇ ಬರೆದುಕೊಂಡು, ಬಾಲ್ಯದ ವೈರಿಗಳ ಹೆಸರುಗಳನ್ನು ಪಟ್ಟಿ ಮಾಡಿ, ತನ್ನನ್ನು ಮನೆನಾಯಿಗೆ ಹೋಲಿಸಿಕೊಂಡಿದ್ದಾನೆ. ಸ್ನಾನವೆಂದರೆ ತನಗೆ ನಾಯಿಯಷ್ಟೇ ಹೆದರಿಕೆ ಎಂಬುದನ್ನೂ ಸೇರಿಸಲು ಮರೆತಿಲ್ಲ. ಇಷ್ಟು ನಿಷ್ಠುರವಾದ ಆತ್ಮಚಿತ್ರ ಮಹಾಪುರುಷರ ಬರಹಗಳಲ್ಲಿ ವಿರಳ.

ಈ ಗೋಡೆಗಳ ನಡುವೆಯೇ ಅವನ ಮನಸ್ಸಿನಲ್ಲಿ ಒಂದು ಮುಳ್ಳು ನೆಟ್ಟಿತು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ಹೇಗೆ ಇರುತ್ತದೆ? ಲೂಥರನವರದು ಒಂದು ಉತ್ತರ, ಕಾಲ್ವಿನನವರದು ಇನ್ನೊಂದು. ಉಪದೇಶಪೀಠದಿಂದ ಎದುರು ಪಕ್ಷವನ್ನು ಬೈಯುವುದು ಕೇಳಿದಾಗಲೆಲ್ಲ ಈ ಹುಡುಗ ಆ ಪಕ್ಷದ ವಾದವನ್ನು ತಾನೇ ಹುಡುಕಿ ಓದುತ್ತಿದ್ದ. ಓದಿದ ಮೇಲೆ ಅದರಲ್ಲಿಯೂ ಸ್ವಲ್ಪ ಸತ್ಯವಿರುವಂತೆ ಅವನಿಗೆ ತೋರುತ್ತಿತ್ತು. ಪಾದ್ರಿಯಾಗಬೇಕಾದವನಿಗೆ ಇದು ಒಳ್ಳೆಯ ಅಭ್ಯಾಸವಲ್ಲ.

ಮುಂದಿನ ಕತೆ ಬಹುಮಟ್ಟಿಗೆ ಎಲ್ಲರಿಗೂ ತಿಳಿದದ್ದು. 1589ರಲ್ಲಿ ಟ್ಯೂಬಿಂಗನ್ನಿಗೆ ಹೋಗಿ ಮೆಸ್ಟ್ಲಿನ್ ಎಂಬ ಗುರುವಿನಿಂದ ಕೊಪರ್ನಿಕಸನ ಸೂರ್ಯಕೇಂದ್ರವಾದವನ್ನು ಕಲಿತ. 1594ರಲ್ಲಿ, ದೇವತಾಶಾಸ್ತ್ರದ ವ್ಯಾಸಂಗ ಇನ್ನೂ ಮುಗಿಯದಿರುವಾಗಲೇ, ಗ್ರಾಟ್ಸ್ ನಗರಕ್ಕೆ ಗಣಿತದ ಉಪಾಧ್ಯಾಯನಾಗಿ ಹೋಗಬೇಕಾಯಿತು. 1600ರಲ್ಲಿ ಕೆಥೊಲಿಕ್ ದೊರೆ ಪ್ರೊಟೆಸ್ಟೆಂಟರನ್ನು ಅಲ್ಲಿಂದ ಹೊರಗಟ್ಟಿದ. ಪ್ರಾಗ್ ನಗರದ ಬಳಿ ಬೆನಾಟ್ಕಿ ಕೋಟೆಯಲ್ಲಿದ್ದ ಟೈಕೊ ಬ್ರಾಹೆಯ ಆಶ್ರಯ ದೊರೆಯಿತು. ಮರುವರ್ಷ ಟೈಕೊ ತೀರಿಕೊಂಡಾಗ ಚಕ್ರವರ್ತಿಯ ಗಣಿತಜ್ಞನ ಪದವಿ ಇವನದಾಯಿತು. ಮಂಗಳನ ಚಲನೆಯನ್ನು ಲೆಕ್ಕ ಹಾಕುವಾಗ ತನ್ನ ಗಣಿತಕ್ಕೂ ಟೈಕೊ ಕಂಡದ್ದಕ್ಕೂ ಎಂಟು ಕಲೆಗಳ ಅಂತರ ಬಂತು. ಒಂದು ಅಂಶದ ಅರುವತ್ತನೆಯ ಒಂದು ಭಾಗ ಒಂದು ಕಲೆ. ಬೇರೆ ಯಾರಾದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೆಪ್ಲರ್ ಮುಚ್ಚಿಕೊಳ್ಳಲಿಲ್ಲ. ಎರಡು ಸಾವಿರ ವರ್ಷಗಳ ವೃತ್ತವನ್ನು ಕೈಬಿಟ್ಟು ದೀರ್ಘವೃತ್ತವನ್ನು ಹಿಡಿದ. ಆ ಗ್ರಂಥ 1609ರಲ್ಲಿ ಪ್ರಕಟವಾಯಿತು.

1612ರಲ್ಲಿ ಲಿಂಟ್ಸ್ ಊರಿಗೆ ಬಂದಾಗ ಹಳೆಯ ಮುಳ್ಳು ಮತ್ತೆ ಚುಚ್ಚಿತು. ಲೂಥರನ ಮತದ ಒಪ್ಪಂದಪತ್ರಕ್ಕೆ ಯಾವ ಆಕ್ಷೇಪವೂ ಇಲ್ಲದೆ ರುಜು ಹಾಕೆಂದು ಅಲ್ಲಿಯ ಪಾದ್ರಿ ಕೇಳಿದ. ಕೆಪ್ಲರ್ ಒಂದು ಅಂಶಕ್ಕೆ ಮಾತ್ರ ಒಪ್ಪಲಾರೆನೆಂದ. ಅವನಿಗೆ ಪ್ರಭುಭೋಜನವನ್ನು ನಿರಾಕರಿಸಲಾಯಿತು. ಅವನನ್ನು ಸಾಕಿ ಓದಿಸಿದ ವ್ಯೂರ್ಟೆಂಬರ್ಗಿನ ಧರ್ಮಾಧಿಕಾರಿಗಳು ಆ ನಿರ್ಧಾರವನ್ನು ಎತ್ತಿಹಿಡಿದರು. ಟ್ಯೂಬಿಂಗನ್ನಿನ ಬಾಗಿಲೂ ಮುಚ್ಚಿತು. ಮತ ಬದಲಾಯಿಸಿದ್ದರೆ ಅವನಿಗೆ ಸುಖವಿತ್ತು. ಅದನ್ನೂ ಅವನು ಮಾಡಲಿಲ್ಲ. ಅವನನ್ನು ಹೊರಗಿಟ್ಟ ಮನೆಯ ಹೊಸ್ತಿಲಲ್ಲಿಯೇ ಕೊನೆಯವರೆಗೆ ನಿಂತ.

ಇಷ್ಟು ಸಾಲದೆಂಬಂತೆ 1615ರಲ್ಲಿ ಲಿಯೋನ್‌ಬರ್ಗಿನಿಂದ ಸುದ್ದಿ ಬಂತು. ಅದು ಅವನ ತಾಯಿ ವಾಸವಾಗಿದ್ದ ಊರು. ನಾನು ಅಲ್ಲಿಗೂ ಹೋಗಿದ್ದೆ. ಊರ ಅಂಚಿನಲ್ಲಿ ಕೋಟೆ. ಅದರ ಕೆಳಗಿನ ಇಳಿಜಾರಿನಲ್ಲಿ ವಿಧವೆ ರಾಣಿ ಸಿಬಿಲ್ಲಳಿಗಾಗಿ ಷಿಕ್‌ಹಾರ್ಟ್ ಎಂಬ ಶಿಲ್ಪಿ 1609ರಲ್ಲಿ ರಚಿಸಿದ ತೋಟ. ಈಗ ಅದನ್ನು ಹಿಂದಿನ ಮಾದರಿಯಲ್ಲಿ ಮತ್ತೆ ನೆಟ್ಟು ಬೆಳೆಸಿದ್ದಾರೆ. ಪಾತಿಗಳು ರೇಖಾಗಣಿತದ ಪುಟದಂತಿವೆ. ಇಷ್ಟು ಅಚ್ಚುಕಟ್ಟಾದ ತೋಟದ ನೆರೆಯಲ್ಲಿ ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ಕೊಲ್ಲುತ್ತಿದ್ದರೆಂಬುದನ್ನು ನಂಬುವುದು ಕಷ್ಟ. ಐನ್‌ಹಾರ್ನ್ ಎಂಬ ಅಧಿಕಾರಿ ಆ ಕೆಲಸದಲ್ಲಿ ಬಹು ಉತ್ಸಾಹಿ. ಉರ್ಸುಲಾ ರೈನ್‌ಬೋಲ್ಡ್ ಎಂಬುವಳು, ಕಟರೀನ ಕೊಟ್ಟ ಪಾನೀಯ ಕುಡಿದೇ ತನಗೆ ರೋಗ ಬಂತೆಂದು ದೂರಿದಳು. ಆಮೇಲೆ ಊರಿನ ಎಲ್ಲ ನೋವುಗಳಿಗೂ ಕಾರಣ ಸಿಕ್ಕಿತು. ಶಾಲೆಯ ಉಪಾಧ್ಯಾಯ ಕುಂಟಾದದ್ದೂ ಅವಳಿಂದ, ಹುಡುಗಿಯೊಬ್ಬಳ ತೋಳು ಮರಗಟ್ಟಿದ್ದೂ ಅವಳಿಂದ.

1617ರಲ್ಲಿ ತಾಯಿಗಾಗಿ ಊರಿಗೆ ಪ್ರಯಾಣ ಮಾಡುವಾಗ ಕೆಪ್ಲರ್ ದಾರಿಯಲ್ಲಿ ಓದಿದ್ದು ಗೆಲಿಲಿಯೋನ ತಂದೆ ಬರೆದ ಸಂಗೀತಶಾಸ್ತ್ರದ ಗ್ರಂಥ. ಮರುವರ್ಷ ಫೆಬ್ರವರಿಯಲ್ಲಿ ಅವನ ಪುಟ್ಟ ಮಗಳು ತೀರಿಕೊಂಡಳು. ಮೇ 15ರಂದು ಗ್ರಹಗಳ ಪರಿಭ್ರಮಣಕಾಲವನ್ನೂ ದೂರವನ್ನೂ ಕೂಡಿಸುವ ಮೂರನೆಯ ನಿಯಮ ಅವನಿಗೆ ಹೊಳೆಯಿತು. ಎಂಟು ದಿನಗಳಲ್ಲಿ ಪ್ರಾಗಿನಲ್ಲಿ ಮೂವತ್ತು ವರ್ಷಗಳ ಯುದ್ಧಕ್ಕೆ ನಾಂದಿಯಾಯಿತು. ವಿಶ್ವಸಾಮರಸ್ಯವನ್ನು ಕುರಿತ ಗ್ರಂಥವನ್ನು ಬರೆಯಲು ಇದಕ್ಕಿಂತ ಕೆಟ್ಟ ಕಾಲವನ್ನು ಆರಿಸಿಕೊಳ್ಳಲಾಗದು.

1620ರ ಆಗಸ್ಟಿನ ಒಂದು ರಾತ್ರಿ, ಮಗಳ ಮನೆಯಲ್ಲಿದ್ದ ಮುದುಕಿಯನ್ನು ಪೆಟ್ಟಿಗೆಯೊಳಗೆ ಕೂರಿಸಿ ಹೊತ್ತೊಯ್ದರು. ಆಗ ಆಕೆಗೆ ಎಪ್ಪತ್ತು ದಾಟಿತ್ತು. ಲಿಯೋನ್‌ಬರ್ಗಿನಲ್ಲಿಯೇ ವಿಚಾರಣೆಯಾದರೆ ತನಗೆ ಅವಮಾನವೆಂದು ಕಿರಿಯ ಮಗ ಗೋಗರೆದದ್ದರಿಂದ ಗ್ಯೂಗ್ಲಿಂಗನ್ ಊರಿಗೆ ಸಾಗಿಸಿದರು.

ಮೌಲ್‌ಬ್ರಾನಿನಿಂದ ಷ್ಟ್ರೋಮ್‌ಬರ್ಗ್ ಗುಡ್ಡಗಳನ್ನು ದಾಟಿದರೆ ಗ್ಯೂಗ್ಲಿಂಗನ್. ಅದರ ನೆರೆಯ ಬ್ರಾಕನ್‌ಹೈಮ್ ನಮಗೆ ತೀರ ಅಪರಿಚಿತವಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಅಲ್ಲಿಯೇ. ದಾರಿಯುದ್ದಕ್ಕೂ ದ್ರಾಕ್ಷಿ ಕೊಯ್ಲು ನಡೆದಿತ್ತು. ಈ ದಾರಿಯ ಒಂದು ತುದಿಯಲ್ಲಿ ಕೆಪ್ಲರ್ ತರ್ಕ ಕಲಿತ ಮಠ, ಇನ್ನೊಂದು ತುದಿಯಲ್ಲಿ ಅವನ ತಾಯಿಯನ್ನು ಸರಪಳಿಯಲ್ಲಿ ಬಿಗಿದಿಟ್ಟ ಊರು. ಇಬ್ಬರು ಕಾವಲುಗಾರರು, ಅವರ ಖರ್ಚೂ ಮುದುಕಿಯ ಲೆಕ್ಕಕ್ಕೇ. ಅವರು ಸೌದೆ ದುಂದು ಮಾಡುತ್ತಾರೆಂದು ಚಕ್ರವರ್ತಿಯ ಗಣಿತಜ್ಞ ಅರ್ಜಿ ಬರೆಯಬೇಕಾಯಿತು.

ಕೆಪ್ಲರ್ ಎಲ್ಲ ಕೆಲಸ ಬಿಟ್ಟು ಬಂದಿದ್ದ. ಮಾಟದ ಆರೋಪ ಹೊತ್ತ ಮುದುಕಿಯ ಪಕ್ಕದಲ್ಲಿ ಮಗನೇ ಬಂದು ನಿಂತದ್ದು ನ್ಯಾಯಸ್ಥಾನದ ಲಿಪಿಕಾರನಿಗೆ ಹಿಡಿಸಲಿಲ್ಲವೆಂಬುದು ಅವನ ದಾಖಲೆಯಲ್ಲಿಯೇ ಕಾಣುತ್ತದೆ. ನೂರಕ್ಕೂ ಹೆಚ್ಚು ಪುಟಗಳ ಪ್ರತಿವಾದವನ್ನು ಕೆಪ್ಲರ್ ಸಿದ್ಧಪಡಿಸಿದ. ಮಾಟವೆಂಬುದೇ ಇಲ್ಲವೆಂದು ಅವನು ವಾದಿಸಲಿಲ್ಲ. ಹಾಗೆ ವಾದಿಸಿದ್ದರೆ ಮೊಕದ್ದಮೆ ಅಂದೇ ಬಿದ್ದುಹೋಗುತ್ತಿತ್ತು. ಒಂದೊಂದು ಸಾಕ್ಷ್ಯವನ್ನೂ ಕೈಗೆತ್ತಿಕೊಂಡು ತಾರೀಖು ನೋಡಿದ, ಹೇಳಿಕೆಗಳ ನಡುವಣ ವ್ಯತ್ಯಾಸ ತೋರಿಸಿದ. ಉಪಾಧ್ಯಾಯ ಕುಂಟಾದದ್ದು ಹಳ್ಳ ಹಾರಿ. ಹುಡುಗಿಯ ತೋಳು ಮರಗಟ್ಟಿದ್ದು ಮೀರಿದ ಇಟ್ಟಿಗೆಯ ಹೊರೆ ಹೊತ್ತು. ಎಂಟು ಕಲೆಗಳ ಅಂತರವನ್ನು ಬಿಡದ ಕಣ್ಣೇ ಇಲ್ಲಿಯೂ ಕೆಲಸ ಮಾಡಿದ್ದು.

ತೀರ್ಪು ಟ್ಯೂಬಿಂಗನ್ನಿನ ನ್ಯಾಯಶಾಸ್ತ್ರಜ್ಞರ ಕೈಗೆ ಹೋಯಿತು. ಚಿತ್ರಹಿಂಸೆಯ ಉಪಕರಣಗಳನ್ನು ತೋರಿಸಿ ಹೆದರಿಸಬೇಕು, ಆದರೆ ಪ್ರಯೋಗಿಸಬಾರದು ಎಂದು ಅವರು ವಿಧಿಸಿದರು. 1621ರ ಸೆಪ್ಟೆಂಬರ್ 28ರ ಬೆಳಗ್ಗೆ ಆಕೆಯನ್ನು ಆ ಕಬ್ಬಿಣಗಳ ಮುಂದೆ ನಿಲ್ಲಿಸಿದರು. ಅಂದು ಮಗ ಪಕ್ಕದಲ್ಲಿರಲಿಲ್ಲ. ಒಪ್ಪಿಕೊಳ್ಳಲು ತನ್ನಲ್ಲಿ ಏನೂ ಇಲ್ಲವೆಂದು ಹೇಳಿ ಆಕೆ ಮಂಡಿಯೂರಿ ಪ್ರಾರ್ಥಿಸಿದಳು. ಹದಿನಾಲ್ಕು ತಿಂಗಳ ಸೆರೆಯ ಅನಂತರ ಅಕ್ಟೋಬರಿನಲ್ಲಿ ಬಿಡುಗಡೆ. 1622ರ ಏಪ್ರಿಲ್ 13ರಂದು ಮರಣ.

ಕೆಪ್ಲರನನ್ನು ಒಂದು ಅಳುಕು ಬಿಡದೆ ಕಾಡುತ್ತಿತ್ತು. ಬಹಳ ಹಿಂದೆ ಅವನು ಚಂದ್ರಲೋಕದ ಒಂದು ಕನಸಿನ ಕತೆ ಬರೆದಿದ್ದ. ಅದರ ನಾಯಕನ ತಾಯಿ ಮೂಲಿಕೆ ಮಾರುವವಳು, ಭೂತವನ್ನು ಕರೆಯಬಲ್ಲವಳು. ಹಸ್ತಪ್ರತಿ ಕೈಯಿಂದ ಕೈಗೆ ಹೋಗಿ, ತನ್ನ ಕಲ್ಪನೆಯೇ ತಾಯಿಯ ಮೇಲಿನ ಅಪವಾದಕ್ಕೆ ಎಡೆಮಾಡಿತೆಂದು ಅವನು ನಂಬಿದ. ಬಿಡುಗಡೆಯ ಮೇಲೆ ಆ ಚಿಕ್ಕ ಕತೆಗೆ ಇನ್ನೂರಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬರೆಯುತ್ತ ಹೋದ. ಪ್ರತಿಯೊಂದು ಮಾಯೆಯ ಹಿಂದೆಯೂ ಇರುವ ಖಗೋಳಶಾಸ್ತ್ರವನ್ನು ಬಿಡಿಸಿಟ್ಟ. 1630ರ ನವೆಂಬರ್ 15ರಂದು, ಬರಬೇಕಾದ ಬಾಕಿ ಸಂಬಳ ಕೇಳಲು ರೇಗನ್ಸ್‌ಬರ್ಗಿಗೆ ಹೋದವನು ಜ್ವರದಿಂದ ಅಲ್ಲಿಯೇ ತೀರಿಕೊಂಡ. ಅವನನ್ನು ಹೂಳಿದ್ದ ಸ್ಮಶಾನ ಯುದ್ಧದಲ್ಲಿ ಹಾಳಾಯಿತು, ಗೋರಿಯ ಗುರುತಿಲ್ಲ. ಕನಸಿನ ಕತೆಯನ್ನು ಟಿಪ್ಪಣಿಗಳೊಡನೆ 1634ರಲ್ಲಿ ಅವನ ಮಗ ಲುಡ್‌ವಿಗ್ ಪ್ರಕಟಿಸಿದ.